ಕಠ್ಮಂಡುವಿನ ಪುಟ್ಟ ಊಟದ ಮನೆಗಳು

ಕಠ್ಮಂಡುವಿನ ಥಮೇಲ್ ಮತ್ತು ಬಸಂತಪುರದ ಗಲ್ಲಿಗಳಲ್ಲಿರುವ ಪುಟ್ಟ ಊಟದ ಮನೆಗಳಲ್ಲಿ ದಾಲ್-ಭಾತ್ ಮತ್ತು ಮೊಮೊ ತಪ್ಪದೆ ಸಿಗುವ ತಿನಿಸುಗಳು. ದಾಲ್-ಭಾತ್ ನೇಪಾಳದ ಮನೆಮನೆಯ ಹಳೆಯ ಊಟ. ಆದರೆ ಅದನ್ನು ಗುರುತುಪರಿಚಯವಿಲ್ಲದವರಿಗೆ, ಜಾತಿ ವಿಚಾರಿಸದೆ, ದುಡ್ಡು ಪಡೆದು ಬಡಿಸುವ ರೂಢಿ ರಾಜಧಾನಿಯಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮನೆಯೊಳಗಿನ ಅನ್ನ ಬೀದಿಗೆ ಬಂದದ್ದೇ ಈ ಊಟದ ಮನೆಗಳ ಚರಿತ್ರೆ.

ಅನ್ನವನ್ನು ಮನೆಯೊಳಗೇ ಹಿಡಿದಿಟ್ಟಿದ್ದು ಮಡಿ-ಮೈಲಿಗೆಯ ಕಟ್ಟಳೆ. ಪ್ರಧಾನಿ ಜಂಗ್ ಬಹಾದುರ್ ರಾಣಾ 1854ರಲ್ಲಿ ಜಾರಿಗೆ ತಂದ ಮುಲುಕಿ ಐನ್ ಎಂಬ ಕಾನೂನು ಸಂಹಿತೆಯು ನೇಪಾಳದ ಎಲ್ಲ ಸಮುದಾಯಗಳನ್ನೂ ಒಂದೇ ಜಾತಿಶ್ರೇಣಿಯಲ್ಲಿ ಜೋಡಿಸಿತು. ಯಾರ ಕೈನೀರು ಕುಡಿಯಬಹುದು, ಯಾರು ಬೇಯಿಸಿದ ಅನ್ನ ಉಣ್ಣಬಹುದು ಎಂಬುದೂ ಅದರಲ್ಲಿ ಕಾನೂನಿನ ವಿಷಯವಾಯಿತು. ಮುಸುರೆಯೆನಿಸಿದ ಅನ್ನವನ್ನು ಕೆಳಗಿನ ಶ್ರೇಣಿಯವರಿಂದ ಪಡೆದು ಉಂಡರೆ ಜಾತಿ ಕೆಡುತ್ತಿತ್ತು. ತುಪ್ಪದಲ್ಲಿ ಕರಿದ ತಿಂಡಿಗೆ, ಒಣ ತಿನಿಸಿಗೆ ಅಷ್ಟು ಬಿಗಿ ಇರಲಿಲ್ಲ. 1963ರ ಹೊಸ ಮುಲುಕಿ ಐನ್ ಜಾತಿಭೇದಕ್ಕಿದ್ದ ಕಾನೂನಿನ ಆಸರೆಯನ್ನು ತೆಗೆದುಹಾಕಿತು; ರೂಢಿ ಮಾತ್ರ ನಿಧಾನವಾಗಿ ಸಡಿಲಗೊಂಡಿತು.

ಕಠ್ಮಂಡು ಕಣಿವೆಯ ಮೂಲನಿವಾಸಿಗಳಾದ ನೇವಾರರಲ್ಲಿ ಮನೆಯ ಹೊರಗೆ ಕೂತು ತಿನ್ನುವ ಸಂಪ್ರದಾಯ ಬೇರೆಯೇ ಬಗೆಯಲ್ಲಿ ಬೆಳೆದಿತ್ತು. ಅವರ ಹಬ್ಬದೂಟವಾದ ಸಮಯ್ ಬಜಿಗೆ ಅನ್ನವಲ್ಲ, ಅವಲಕ್ಕಿಯೇ ಆಧಾರ. ಅದರ ಸುತ್ತ ಹುರಿದ ಕಪ್ಪು ಸೋಯಾ ಕಾಳು, ಶುಂಠಿ ಚೂರು, ಆಲೂಗಡ್ಡೆ ಮತ್ತು ಛೊಯ್ಲಾ ಇರುತ್ತವೆ. ಬೆಂಕಿಯಲ್ಲಿ ಸುಟ್ಟ ಕೋಣದ ಮಾಂಸವನ್ನು ಸಣ್ಣಗೆ ಹೆಚ್ಚಿ, ಖಾರ-ಮಸಾಲೆ ಕಲಸಿ, ಮೆಂತ್ಯ ಕಪ್ಪಾಗುವಷ್ಟು ಕಾಯಿಸಿದ ಸಾಸಿವೆ ಎಣ್ಣೆಯ ಒಗ್ಗರಣೆ ಹಾಕಿದರೆ ಛೊಯ್ಲಾ ಸಿದ್ಧ. ಇಂಥ ತಿನಿಸನ್ನು ಅಕ್ಕಿಯಿಂದ ಇಳಿಸಿದ ಐಲಾ ಎಂಬ ಮದ್ಯದ ಜೊತೆ ಕೊಡುವ, ತಗ್ಗು ಸೂರಿನ ಭಟ್ಟಿಗಳು ಹಳೆಯ ಕೇರಿಗಳಲ್ಲಿ ಈಗಲೂ ಇವೆ.

ಅನ್ನ ಮಾರುವ ಕಸುಬನ್ನು ರಾಜಧಾನಿಯಲ್ಲಿ ನೆಲೆಗೊಳಿಸಿದವರಲ್ಲಿ ಮುಖ್ಯರು ಥಕಾಲಿಗಳು. ಇವರ ಮೂಲ ನೆಲೆ ಮುಸ್ತಾಂಗಿನ ದಕ್ಷಿಣ ಭಾಗದಲ್ಲಿರುವ, ಕಾಲಿ ಗಂಡಕಿ ನದಿಯ ಥಾಕ್ ಖೋಲಾ ಕಣಿವೆ. ಟಿಬೆಟ್ಟಿನ ಉಪ್ಪು ಕೆಳಗಿಳಿದು ತಗ್ಗು ಸೀಮೆಯ ಧಾನ್ಯ ಮೇಲೇರುತ್ತಿದ್ದ ದಾರಿಯಲ್ಲಿ ಅವರ ತುಕುಚೆ ಗ್ರಾಮ ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ 1920ರ ದಶಕದವರೆಗೆ ಉಪ್ಪಿನ ಸುಂಕದ ಗುತ್ತಿಗೆಯೂ ಥಕಾಲಿ ಮುಖಂಡರ ಕೈಯಲ್ಲಿತ್ತು. ಆ ದಾರಿಯುದ್ದಕ್ಕೂ ಥಕಾಲಿ ಹೆಂಗಸರು ನಡೆಸುತ್ತಿದ್ದ ಭಟ್ಟಿಗಳಲ್ಲಿ ಸಾಮಾನ್ಯವಾಗಿ ಊಟಕ್ಕೆ ಮಾತ್ರ ದುಡ್ಡು. ಉಂಡವರಿಗೆ ರಾತ್ರಿ ಮಲಗಲು ಜಾಗ ಪುಕ್ಕಟೆ.

ಭಾರತದ ಅಗ್ಗದ ಉಪ್ಪಿನಿಂದ ಸೊರಗಿದ್ದ ಈ ವ್ಯಾಪಾರ, 1959ರ ನಂತರ ಟಿಬೆಟ್ಟಿನ ಗಡಿಯಲ್ಲಿ ನಿರ್ಬಂಧ ಬಿಗಿಯಾದಾಗ ಇನ್ನಷ್ಟು ಕುಸಿಯಿತು. ಥಕಾಲಿ ಕುಟುಂಬಗಳು ಪೋಖರಾ, ಭೈರಹವಾ, ಕಠ್ಮಂಡುಗಳಿಗೆ ಇಳಿದು ಬಂದವು. ಅವರಿಗೆ ಬಂಡವಾಳ ಒದಗಿಸಿದ್ದು ಢಿಕುರ್ ಎಂಬ ಸಮುದಾಯದ ಚೀಟಿ ವ್ಯವಸ್ಥೆ: ಎಲ್ಲರೂ ಸೇರಿ ಹಣ ಕೂಡಿಸಿ, ಸರದಿಯಂತೆ ಒಬ್ಬೊಬ್ಬರಿಗೆ ಇಡುಗಂಟು ಕೊಡುವುದು. ನಂಬಿಕೆಯ ಮೇಲೆ ನಡೆದ ಈ ವ್ಯವಸ್ಥೆಯಿಂದ ಎಷ್ಟೋ ಭಾನ್ಸಾಘರ್‌ಗಳು, ಅಂದರೆ ಅಡುಗೆಮನೆಯೆಂಬ ಹೆಸರಿನ ಊಟದ ಮನೆಗಳು, ತಲೆಯೆತ್ತಿದವು.

ಥಕಾಲಿ ಊಟ ಕಂಚಿನ ತಟ್ಟೆಯಲ್ಲಿ ಬರುತ್ತದೆ. ನಡುವೆ ಅನ್ನ ಅಥವಾ ಬೆಟ್ಟದ ಧಾನ್ಯವಾದ ಫಾಪರ್‌ನ ಹಿಟ್ಟಿನಿಂದ ಮುದ್ದೆಯಂತೆ ತೊಳಸಿದ ಢಿಡೊ. ಪಕ್ಕದಲ್ಲಿ ಬೇಳೆ, ಸೊಪ್ಪು, ಪಲ್ಯ, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್, ಅಚಾರ್. ಬೇಳೆಗೆ ತುಪ್ಪದಲ್ಲಿ ಕೆಂಪಗೆ ಹುರಿದ ಜಿಂಬು ಎಂಬ ಹಿಮಾಲಯದ ಒಣ ಎಲೆಯ ಒಗ್ಗರಣೆ. ಚಟ್ನಿಪುಡಿಗೆ ನಮ್ಮ ಕರಾವಳಿಯ ಜುಮ್ಮನಕಾಯಿಯ ಬಳಗದ ತಿಮುರ್ ಸೇರುತ್ತದೆ. ಅದು ನಾಲಿಗೆಯನ್ನು ಜುಮ್ಮೆನ್ನಿಸುತ್ತದೆ. ಅನ್ನ, ಬೇಳೆ, ಪಲ್ಯವನ್ನು ಮತ್ತೆ ಮತ್ತೆ ಬಡಿಸುವುದು ರೂಢಿ. ಅದಕ್ಕೆ ಬೇರೆ ಹಣವಿಲ್ಲ.

ಮೊಮೊ ಬಂದ ದಾರಿಯೂ ಟಿಬೆಟ್ಟಿನದೇ. ಲಾಸಾದಲ್ಲಿ ಅಂಗಡಿ ಇಟ್ಟಿದ್ದ ನೇವಾರ ವರ್ತಕರಿಗೆ ಅದು ಮೊದಲೇ ಪರಿಚಿತ. 1959ರ ನಂತರ ಬಂದ ಟಿಬೆಟ್ಟಿನ ನಿರಾಶ್ರಿತರು ಅದನ್ನು ಇನ್ನಷ್ಟು ಹರಡಿದರು. ಗೋಹತ್ಯೆ ನಿಷಿದ್ಧವಾದ ನೇಪಾಳದಲ್ಲಿ ಯಾಕ್ ಮಾಂಸದ ಜಾಗಕ್ಕೆ ಕೋಣದ ಮಾಂಸ ಬಂತು. ಕಠ್ಮಂಡು ಕಣಿವೆಯ ಮಸಾಲೆ ಸೇರಿತು. ಟೊಮೆಟೊ, ಎಳ್ಳಿನ ಅಚಾರ್ ಜೊತೆಯಾಯಿತು. ಕೋಣದ ಮಾಂಸ ಮುಟ್ಟದ ಮೇಲ್ಜಾತಿಯವರಿಗಾಗಿ ಕೋಳಿ ಮತ್ತು ತರಕಾರಿ ಮೊಮೊಗಳೂ ಬಂದ ಮೇಲೆ ಅದು ಎಲ್ಲರ ತಿಂಡಿಯಾಯಿತು.

ಹೊರದೇಶದ ಗಿರಾಕಿಗಳು ಬಂದದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ. 1951ರಲ್ಲಿ ರಾಣಾ ಮನೆತನದ ಆಳ್ವಿಕೆ ಮುಗಿಯುವವರೆಗೆ ನೇಪಾಳದ ಬಾಗಿಲು ಪರದೇಶಿಯರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಆಮೇಲೆ ಬೋರಿಸ್ ಲಿಸಾನೆವಿಚ್ ಎಂಬ ರಷ್ಯನ್ ಮೂಲದವನು ಹಳೆಯ ಅರಮನೆಯೊಂದರಲ್ಲಿ ರಾಯಲ್ ಹೋಟೆಲ್ ತೆರೆದ. ಅದು ಸಿರಿವಂತರ ತಾಣ. ಬೀದಿಯ ಊಟದ ಮನೆಗಳಿಗೆ ಗಿರಾಕಿಗಳಾದವರು 1960ರ ದಶಕದಲ್ಲಿ ಯುರೋಪಿನಿಂದ ಭೂಮಾರ್ಗವಾಗಿ ಬಂದ ಹಿಪ್ಪಿಗಳು. ಅವರಿಂದ ಬಸಂತಪುರದ ಝೋಂಛೆಗೆ ಫ್ರೀಕ್ ಸ್ಟ್ರೀಟ್ ಎಂಬ ಹೆಸರು ಬಂತು. ಸುತ್ತಲಿನ ಅಂಗಡಿಗಳಲ್ಲಿ ಕೇಕು, ಪೈ, ಪ್ಯಾನ್‌ಕೇಕು ಕಾಣಿಸಿಕೊಂಡವು. 1973ರಲ್ಲಿ ಸರ್ಕಾರ ಗಾಂಜಾ-ಚರಸ್ ಅಂಗಡಿಗಳ ಪರವಾನಗಿ ರದ್ದುಪಡಿಸಿತು. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯೆತ್ ಸೇನೆಯ ಪ್ರವೇಶದಿಂದ ಭೂಮಾರ್ಗವೇ ಕಡಿಯಿತು. ಅಷ್ಟರಲ್ಲಿ ಚಾರಣಿಗರ ಕಾಲ ಶುರುವಾಗಿತ್ತು. 1960ರ ದಶಕದ ಕೊನೆಗೆ ಥಮೇಲಿನ ಹಳೆಯ ಬಂಗಲೆಯೊಂದರಲ್ಲಿ ಆರಂಭವಾದ ಕಠ್ಮಂಡು ಗೆಸ್ಟ್ ಹೌಸಿನ ಸುತ್ತ ಹೊಸ ಪ್ರವಾಸಿ ಪೇಟೆ ಬೆಳೆಯಿತು.

ಬೆಟ್ಟದ ದಾರಿಯ ಭಟ್ಟಿಗಳಲ್ಲಿ ದಿನಕ್ಕೆರಡು ಹೊತ್ತು ದಾಲ್-ಭಾತ್ ಉಂಡು ಬಂದ ಚಾರಣಿಗರು ನಗರದಲ್ಲೂ ಅದನ್ನೇ ಹುಡುಕಿದರು. ಆದರೆ ಈ ಊಟದ ಮನೆಗಳನ್ನು ಪೊರೆದವರು ಅವರಷ್ಟೇ ಅಲ್ಲ. ಬಾಡಿಗೆ ಕೋಣೆಗಳಲ್ಲಿದ್ದ ವಿದ್ಯಾರ್ಥಿಗಳು, ಕಚೇರಿ ನೌಕರರು, ಹಳ್ಳಿಗಳಿಂದ ವಲಸೆ ಬಂದ ಕೂಲಿಕಾರರು ನಿತ್ಯದ ಗಿರಾಕಿಗಳಾದರು. ದಕ್ಷಿಣ ಭಾರತದ ಶಾಕಾಹಾರಿ ಊಟ-ತಿಂಡಿಗೆ ಉಡುಪಿ ಹೋಟೆಲ್ ಎಂಬ ಹೆಸರು ನಿಂತಂತೆ, ಒಳ್ಳೆಯ ದಾಲ್-ಭಾತ್ ಸಿಗುವ ಜಾಗಕ್ಕೆ ಥಕಾಲಿ ಎಂಬ ಹೆಸರು ನಿಂತಿತು. ಬೇರೆ ಸಮುದಾಯದವರೂ ಆ ಫಲಕ ಹಾಕಿಕೊಂಡರು. ಒಂದು ಕಾಲಕ್ಕೆ ಕಾನೂನು ಬೇರೆ ಬೇರೆ ಒಲೆಗಳ ಮುಂದೆ ಕೂರಿಸಿದ್ದ ಜನ ಈಗ ಇಲ್ಲಿ ಒಂದೇ ಮೇಜಿನಲ್ಲಿ, ಒಂದೇ ಪಾತ್ರೆಯ ಅನ್ನವನ್ನು ಉಣ್ಣುತ್ತಾರೆ.