ಗರಗಸಕ್ಕೆ ದಾರಿ ತೋರುವ ಗೈಡ್

ಮಂಡಿ ಕೀಲು ಬದಲಿಸುವಾಗ ಮೂಳೆ ಕತ್ತರಿಸುವುದು ಕಣ್ಣಂದಾಜಿಗೆ ಬಿಡುವ ಕೆಲಸವಲ್ಲ. ಈ ಲೋಹದ ಗೈಡಿನ ಸೀಳಿನಲ್ಲಿ ಗರಗಸದ ಅಲಗು ಓರೆಯಾಗದೆ ಆಡುತ್ತದೆ. ತೊಡೆಮೂಳೆಯ ಪೊಳ್ಳಿಗೆ ಉದ್ದನೆಯ ಸರಳು ತೂರಿಸಿ, ಗೈಡನ್ನು ಅದಕ್ಕೆ ಜೋಡಿಸುತ್ತಾರೆ.

ಸೊಂಟದ ಕೀಲಿನಿಂದ ಮಂಡಿಯ ನಡುವಿಗೆ ಎಳೆದ ಗೆರೆಗೂ ತೊಡೆಮೂಳೆಯ ಉದ್ದಕ್ಕೆ ಸಾಗುವ ಗೆರೆಗೂ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಅಂತರವಿರುತ್ತದೆ. ಎಲ್ಲರಲ್ಲೂ ಅದು ಒಂದೇ ಅಲ್ಲ. ಗೈಡಿನಲ್ಲಿ ಕೋನ ಹೊಂದಿಸುವ ಏರ್ಪಾಡು ಇರುವುದೇ ಅದಕ್ಕಾಗಿ. ಈ ಉಪಕರಣದ ನಿಜವಾದ ಜಾಣ್ಮೆ ಅಲ್ಲೇ ಇದೆ. ಕತ್ತರಿಕೆ ತಪ್ಪಿದರೆ ಭಾರ ಒಂದೇ ಬದಿಗೆ ಬಿದ್ದು, ಕೃತಕ ಕೀಲಿನ ಪ್ಲಾಸ್ಟಿಕ್ ಬೇಗ ಸವೆಯಬಹುದು.

1974ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಅಳವಡಿಸಿದ ‘ಟೋಟಲ್ ಕಾಂಡೈಲರ್’ ಎಂಬ ಕೃತಕ ಮಂಡಿ ಕೀಲನ್ನು ರೂಪಿಸಿದವರಲ್ಲಿ ವೈದ್ಯರಾದ ಜಾನ್ ಇನ್‌ಸಾಲ್, ಭಾರತ ಮೂಲದ ಚಿತ್ರಂಜನ್ ರಾಣಾವತ್ ಅವರೊಂದಿಗೆ ಎಂಜಿನಿಯರ್ ಪೀಟರ್ ವಾಕರ್ ಕೂಡ ಇದ್ದರು. ಇಂದು ಸಿ.ಟಿ. ಸ್ಕ್ಯಾನ್ ಆಧರಿಸಿ ಒಬ್ಬೊಬ್ಬ ರೋಗಿಗೂ ಪ್ರತ್ಯೇಕ ಗೈಡನ್ನು 3ಡಿ ಮುದ್ರಣದಲ್ಲಿ ತಯಾರಿಸುವುದೂ ಉಂಟು.