ಮದಗಜಗಳ ಪುರಿಗೆ ಮೊಮ್ಮಗಳೊಡನೆ

ವಸಯಿ ಖಾರಿಯೂ ಅರಬ್ಬೀ ಸಮುದ್ರವೂ ಬಳಸಿಕೊಂಡಿರುವ ಸಾಷ್ಟಿ ದ್ವೀಪದ ಉತ್ತರಭಾಗದಲ್ಲಿ ನಾವಿರುವ ಮುಂಬಯಿಯ ದಹಿಸರವಿದೆಯಾದರೂ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಾವು ದ್ವೀಪವಾಸಿಗಳೆಂಬುದು ನಮಗೆ ನೆನಪಾಗುವುದೇ ಅಪರೂಪ. 1534ರಲ್ಲಿ ಪೋರ್ಚುಗೀಸರಿಗೂ, 1739ರಲ್ಲಿ ಮರಾಠರಿಗೂ, 1774ರಲ್ಲಿ ಆಂಗ್ಲರಿಗೂ ಈ ನೆಲವು ವಶವಾಯಿತು.

ಎರಡು ವರ್ಷದ ಮೊಮ್ಮಗಳನ್ನು ಕಂಕುಳಲ್ಲೆತ್ತಿಕೊಂಡು, ಚರ್ಚ್‌ಗೇಟಿನಲ್ಲಿಳಿದು, 1924ರಲ್ಲಿ ಉದ್ಘಾಟನೆಗೊಂಡ ಗೇಟ್‌ವೇ ಕಮಾನಿನ ಬಳಿ ಲಾಂಚನ್ನೇರಿದಾಗ, ಬಂದರಿನಲ್ಲಿ ಲಂಗರುಹಾಕಿದ್ದ ಹಡಗುಗಳನ್ನು ಕಂಡು ಮಗುವು ಕೇಕೆ ಹಾಕಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ಯಾತ್ರಿಕರಿಗೆ ಭಾರತದ ಹೆಬ್ಬಾಗಿಲಾದ ಈ ಬಂದರಿಗೆ, ನಮ್ಮ ಕರಾವಳಿಯ ಹಿರಿಯರೂ ಹಬೆಹಡಗುಗಳಲ್ಲಿ ಬಂದಿಳಿದವರೇ.

ಲಾಂಚು ಮುಟ್ಟುವ ಘಾರಾಪುರಿ ದ್ವೀಪದ ವಿಚಾರದಲ್ಲಿ ಕನ್ನಡಿಗನ ಮನಸ್ಸು ತುಸು ಹಿಗ್ಗುವುದು ಸಹಜ. ಇಮ್ಮಡಿ ಪುಲಕೇಶಿಯು ಪಶ್ಚಿಮಸಮುದ್ರದ ಪುರಿಯನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು ಹೇಳುವ ಕವಿ ರವಿಕೀರ್ತಿಯು, ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ಆ ನೌಕೆಗಳನ್ನು ಮದಗಜಗಳಿಗೆ ಹೋಲಿಸಿರುವನು. ಆ ಪುರಿಯು ಈ ದ್ವೀಪವೇ ಎಂದು ಕೆಲವು ವಿದ್ವಾಂಸರ ಮತ. ನನಗೂ ಹಾಗೆಯೇ ನಂಬಲು ಆಸೆ, ಆದರೆ ಆಸೆಯು ಪ್ರಮಾಣವಲ್ಲವಷ್ಟೆ.

ಕಟ್ಟೆಯ ಮೇಲಿನ ಆಟಿಕೆ ರೈಲಿಗೆ ಮನಸೋತ ಮಗುವಿಗೆ ಇಲ್ಲಿನ ಗುಹಾಲಯದ ಮೂರು ಮುಖದ ಸದಾಶಿವನಲ್ಲಿ ಆಸಕ್ತಿ ಹುಟ್ಟಲಿಲ್ಲ. ಅದು ಕೇಳುತ್ತಿದ್ದುದು ಆನೆಯನ್ನು. ಪೋರ್ಚುಗೀಸರು ಯಾವ ಕಲ್ಲಾನೆಯನ್ನು ಕಂಡು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರೋ, ಆ ಆನೆಯು ಒಡೆದು, ಮರಳಿ ಜೋಡಿಸಲ್ಪಟ್ಟು, ಈಗ ಭಾಯಖಳದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ.