ಅಮೈನೊ ಆಮ್ಲ ಅನುಕ್ರಮ ನಿರ್ಣಯ

ಪ್ರೋಟೀನ್ ಅಣುವಿನಲ್ಲಿ ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆ ಎಂಬುದನ್ನು ಅದರ ತುಣುಕುಗಳಿಂದ ಕಂಡುಹಿಡಿಯುವ ವಿಧಾನ. ಇದನ್ನು ಮೊದಲು ಪೂರ್ಣವಾಗಿ ಸಾಧಿಸಿದವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರೆಡರಿಕ್ ಸ್ಯಾಂಗರ್ (1918-2013).

1940ರ ಸುಮಾರಿಗೆ ಪ್ರೋಟೀನುಗಳಿಗೆ ಖಚಿತವಾದ ಒಂದೇ ರಚನೆ ಇದೆಯೇ ಎಂಬುದರಲ್ಲೇ ಹಲವರಿಗೆ ಸಂದೇಹವಿತ್ತು. 1943ರಲ್ಲಿ ಸ್ಯಾಂಗರ್ ದನದ ಇನ್ಸುಲಿನ್ನನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಶುದ್ಧರೂಪದಲ್ಲಿ ಸಾಕಷ್ಟು ಸಿಗುತ್ತಿದ್ದ ಕೆಲವೇ ಪ್ರೋಟೀನುಗಳಲ್ಲಿ ಅದೂ ಒಂದು. ಸರಪಳಿಯ ಆರಂಭದ ಅಮೈನೊ ಆಮ್ಲಕ್ಕೆ ಅಂಟಿ ಹಳದಿ ಬಣ್ಣ ಕೊಡುವ ಫ್ಲೋರೊಡೈನೈಟ್ರೊಬೆಂಜೀನನ್ನು ಅವರು 1945ರಲ್ಲಿ ಬಳಕೆಗೆ ತಂದರು. ಪ್ರೋಟೀನನ್ನು ಆಮ್ಲದಲ್ಲಿ ಪೂರ್ತಿ ಒಡೆದರೂ ಈ ಗುರುತು ಉಳಿಯುತ್ತಿತ್ತು. ಇನ್ಸುಲಿನ್‌ನಲ್ಲಿ ಗ್ಲೈಸೀನ್ ಮತ್ತು ಫಿನೈಲಲನೀನ್ ಎರಡೂ ಹೀಗೆ ಗುರುತಾದುದರಿಂದ ಅದರಲ್ಲಿ ಎರಡು ಬಗೆಯ ಸರಪಳಿಗಳಿವೆ ಎಂದಾಯಿತು. 1949ರಲ್ಲಿ ಪರ್ಫಾರ್ಮಿಕ್ ಆಮ್ಲದಿಂದ ಗಂಧಕದ ಬಂಧಗಳನ್ನು ಮುರಿದು ಅವನ್ನು ಬೇರ್ಪಡಿಸಲಾಯಿತು. 'ಎ' ಸರಪಳಿಯಲ್ಲಿ 21, 'ಬಿ'ಯಲ್ಲಿ 30 ಅಮೈನೊ ಆಮ್ಲಗಳಿದ್ದವು.

ಸರಪಳಿಯನ್ನು ಆಮ್ಲದಲ್ಲಿ ಅರೆಬರೆ ಒಡೆದರೆ ಪುಟ್ಟ ತುಣುಕುಗಳು ದೊರೆಯುತ್ತವೆ. ಇವನ್ನು ಪೇಪರ್ ಕ್ರೊಮಟಾಗ್ರಫಿಯಿಂದ ಬೇರ್ಪಡಿಸಿ, ಪ್ರತಿಯೊಂದರಲ್ಲೂ ಯಾವ ಯಾವ ಅಮೈನೊ ಆಮ್ಲಗಳಿವೆ, ಮೊದಲನೆಯದು ಯಾವುದು ಎಂದು ನೋಡಲಾಗುತ್ತಿತ್ತು. ಎರಡು ತುಣುಕುಗಳಿಗೆ ಸಮಾನವಾದ ಭಾಗವಿದ್ದರೆ ಅವನ್ನು ಕೂಡಿಸಬಹುದು. ಆದರೆ ಸಮಾನ ಭಾಗ ತೀರ ಚಿಕ್ಕದಾದರೆ ತಪ್ಪಾಗುತ್ತದೆ. 'ಬಿ' ಸರಪಳಿಯಲ್ಲಿ ಹಿಸ್ಟಿಡೀನ್-ಲ್ಯೂಸೀನ್ ಜೋಡಿ ಎರಡು ಕಡೆ ಬರುತ್ತದೆ: ಒಂದೆಡೆ ಅದರ ಮುಂದೆ ಸಿಸ್ಟೀನ್, ಇನ್ನೊಂದೆಡೆ ವ್ಯಾಲೀನ್. ಜೋಡಿ ಮಾತ್ರ ಸಿಕ್ಕರೆ ಅದು ಯಾವ ಕಡೆಯದೆಂದು ಹೇಳಲಾಗದು. ಹೀಗಾಗಿ ನಿರ್ದಿಷ್ಟ ಸ್ಥಳಗಳಲ್ಲಷ್ಟೇ ಕತ್ತರಿಸುವ ಟ್ರಿಪ್ಸಿನ್‌ನಂಥ ಕಿಣ್ವಗಳಿಂದ ಉದ್ದನೆಯ ತುಣುಕುಗಳನ್ನೂ ಪಡೆದು ತಾಳೆ ನೋಡಬೇಕಾಯಿತು. ಹಾನ್ಸ್ ಟುಪ್ಪಿ ಅವರೊಂದಿಗೆ 'ಬಿ' ಸರಪಳಿಯ ಅನುಕ್ರಮವನ್ನು 1951ರಲ್ಲಿ, ಇ.ಒ.ಪಿ. ಥಾಂಪ್ಸನ್ ಅವರೊಂದಿಗೆ 'ಎ' ಸರಪಳಿಯದನ್ನು 1953ರಲ್ಲಿ ಸ್ಯಾಂಗರ್ ಪ್ರಕಟಿಸಿದರು. ಗಂಧಕದ ಮೂರು ಬಂಧಗಳ ಸ್ಥಾನ 1955ರಲ್ಲಿ ತಿಳಿಯಿತು. ಪ್ರತಿಯೊಂದು ಪ್ರೋಟೀನಿಗೂ ತನ್ನದೇ ಆದ ಖಚಿತ ಅನುಕ್ರಮವಿದೆ ಎಂಬ ಅರಿವಿಗೆ ಈ ಕೆಲಸವೇ ಭದ್ರ ಬುನಾದಿ. 1958ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸ್ಯಾಂಗರ್ ಅವರಿಗೆ ಸಂದಿತು.

ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಪ್ರಕಟಿಸಿದ ವಿಧಾನದಿಂದ ತುದಿಯ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಬಿಡಿಸಿ ಗುರುತಿಸುವುದು ಸಾಧ್ಯವಾಯಿತು. ತುಣುಕುಗಳನ್ನು ಹೊಂದಿಸುವ ಕೆಲಸಕ್ಕೆ ಅಮೆರಿಕದ ಮಾರ್ಗರೆಟ್ ಡೇಹಾಫ್ ಮತ್ತು ರಾಬರ್ಟ್ ಲೆಡ್ಲಿ 1962ರಲ್ಲಿ ಕಂಪ್ಯೂಟರ್ ಬಳಸಿದರು. ಈಗ ಹೆಚ್ಚಿನ ಅನುಕ್ರಮಗಳು ಡಿಎನ್ಎಯಿಂದಲೇ ತಿಳಿಯುತ್ತವೆ. ಆದರೂ ಗಂಧಕದ ಬಂಧಗಳು ಎಲ್ಲಿವೆ, ಪ್ರೋಟೀನ್ ತಯಾರಾದ ಮೇಲೆ ಅದರಲ್ಲಿ ಏನೇನು ಬದಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಪ್ರೋಟೀನನ್ನೇ ತುಂಡರಿಸಿ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಪರೀಕ್ಷಿಸಬೇಕಾಗುತ್ತದೆ.